ತಾಮ್ರದ ತಂತಿಯ ಹುಳ

ಜುಲೈ ೨೩, ಮಂಗಳವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ದಿನಾ ನಾಲ್ಕು ಸಾಲು ಬರೆಯಬೇಕೆಂದು ಅಥಣಿಯ ಫಿಸಿಯೋ ಮೇಡಂ ಅವರ ಅಪ್ಪಣೆ. ಏನು ಬರೆಯಲಿ ಎಂದರೆ, "ಏನರ ಬರೀರಿ ಸಮ್ಮೇದ ಅವರ, ಬೈಗುಳಾರ ಬರೀರಿ, ಬೆರಳು ಆಡಿದ್ರ ಸಾಕು" ಅಂದರು. ಬೈಗುಳ ಬೇಕಾದಷ್ಟಿವೆ. ಬೆರಳೇ ಆಡುವುದಿಲ್ಲ. ನನ್ನ ಅಕ್ಷರ ನನಗೇ ಓದಲು ಬರುತ್ತಿಲ್ಲ.

ಜುಲೈ ೨೪, ಬುಧವಾರ

ರಬ್ಬರ್ ಚೆಂಡು ಹಿಚುಕಿದೆ. ಸಿಟ್ಟು ಬಂದು ಎಸೆದೆ. ಅದೂ ಎಡಗೈಯಲ್ಲಿ.

ಜುಲೈ ೨೯, ಸೋಮವಾರ

ಮಳೆ ನಿಂತಿಲ್ಲ. ಕೃಷ್ಣೆ ಕಬ್ಬಿನ ಗದ್ದೆಗೆ ನುಗ್ಗಿದ್ದಾಳೆ. ಕೈಗೆ ಪೆಟ್ಟಾಗಿರದಿದ್ದರೆ ಈ ಹೊತ್ತಿಗೆ ನೀರು ಹೊಕ್ಕ ಮೋಟರುಗಳು ನನ್ನ ಅಂಗಡಿಯ ಬಾಗಿಲಲ್ಲಿ ಸಾಲುಗಟ್ಟಿ ಕೂತಿರುತ್ತಿದ್ದವು. ಉಗಾರ ಬುದ್ರುಕದಲ್ಲಿ ಪಂಪಿನ ಮೋಟರ್ ಸುಟ್ಟರೆ ವೈಂಡಿಂಗಿಗೆ, ಅಂದರೆ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸಲು, ಸಮ್ಮೇದನ ಹತ್ತಿರ ಒಯ್ಯಿ ಅನ್ನುವುದು ಸುತ್ತಲಿನ ಊರಿಗೆಲ್ಲ ಬಾಯಿಪಾಠ. ಬೇಸಿಗೆಯಲ್ಲಿ ಅಂಗಡಿಯ ಸೂರಿಗೆ ತೂಗುಬಿಟ್ಟ ಸರಪಳಿಯಿಂದ ಮೋಟರಿನ ರೋಟರ್ ಜಾರಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಮಿರಜಿನಲ್ಲಿ ಪಟ್ಟಿ ಹಾಕಿ ಎಲುಬು ಕೂಡಿಸಿದರು. ಎಲುಬು ಕೂಡಿತು, ಹೆಬ್ಬೆರಳು ತೋರುಬೆರಳು ಮಾತ್ರ ದಾಯಾದಿಗಳ ಹಾಗೆ ಒಂದರ ಮುಖ ಒಂದು ನೋಡುವುದಿಲ್ಲ. ತಂತಿ ಹಿಡಿದರೆ ನಡುಗುತ್ತವೆ. ಬೆರಳಿಲ್ಲದ ವೈಂಡರನೂ ನಾಲಿಗೆಯಿಲ್ಲದ ವಕೀಲನೂ ಒಂದೇ.

ಇವತ್ತು ಮುಗಳಖೋಡದ ಧೂಳಪ್ಪನ ಫೋನು. ಅವನೂ ವೈಂಡರನೇ. ನನ್ನ ಗಿರಾಕಿಗಳೆಲ್ಲ ಈಗ ಅವನ ಕಡೆಗೇ ಹೋಗುತ್ತಾರೆ. "ನಿಮ್ಮ ಸುತ್ತೂ ಯಂತ್ರ ಸುಮ್ನ ಜಂಗ ಹಿಡ್ಯಾಕತ್ತೈತ್ರಿ. ಮಳಿಗಾಲ ಮುಗದ ಮ್ಯಾಲ ನಾ ಒಯ್ತೀನಿ, ವಿಚಾರ ಮಾಡ್ರಿ" ಅಂದ. ಒಳ್ಳೆಯ ಮನುಷ್ಯ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ. ಮಳೆಗಾಲ ಮುಗಿಯುವುದರೊಳಗೆ ಬೆರಳು ಬಂದರೆ ಅಂಗಡಿ ಉಳಿಯಿತು, ಬರದಿದ್ದರೆ ಹೋಯಿತು. ಬೇರೆ ಲೆಕ್ಕವಿಲ್ಲ.

ಕೈ ಸೋತಿತು. ಸಾಕು.

ಆಗಸ್ಟ್ ೪, ಭಾನುವಾರ

ತೃಪ್ತಿ ನನ್ನ ಅಂಗಿಯ ಗುಂಡಿ ಹಾಕುತ್ತಾಳೆ. ಹೆಂಡತಿ ಗುಂಡಿ ಹಾಕುವಾಗ ಗಂಡಸು ಎಲ್ಲಿ ನೋಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ನಾನು ಸೂರು ನೋಡುತ್ತೇನೆ.

ಅವ್ವನಿಗೆ ಚಾತುರ್ಮಾಸದ ವ್ರತ. ಮನೆಯಲ್ಲಿ ಗಡ್ಡೆಗೆಣಸಿಲ್ಲ, ಸೊಪ್ಪಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಇದೆಲ್ಲ ಹುಟ್ಟಿದಾಗಿನಿಂದ ಕಂಡದ್ದೇ. ಆದರೆ ಮೊದಲು ನಾನು ಅಂಗಡಿಯಲ್ಲಿರುತ್ತಿದ್ದೆ, ಅವಳು ಮನೆಯಲ್ಲಿ. ಈಗ ದಿನವಿಡೀ ಎದುರುಬದುರು. ಮಳೆಗೆ ಹುಳಹುಪ್ಪಡಿ ಜಾಸ್ತಿ. ಕಣ್ಣಿಗೆ ಮೋತಿಬಿಂದು ಬಂದು ಎದುರಿಗಿನವರ ಮುಖ ಮಸುಕಾಗಿದ್ದರೂ ನೆಲದ ಮೇಲೆ ಇರುವೆ ಹರಿದರೆ ಅದು ಹೇಗೋ ಅವಳಿಗೆ ಗೊತ್ತಾಗುತ್ತದೆ. ಮೆತ್ತನೆಯ ಅರಿವೆಯಿಂದ ಅದನ್ನು ದೂಡಿ ಹೊರಗೆ ಬಿಟ್ಟು ಬರುತ್ತಾಳೆ. ಕುಡಿಯುವ ನೀರು ಸೋಸಿದರೆ, ಸೋಸಿದ ಅರಿವೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಿಸಬೇಕು. ಅದರಲ್ಲಿ ಸಿಕ್ಕ ಜೀವಗಳು ತಮ್ಮ ಮನೆಗೆ ಮರಳಬೇಕಲ್ಲ.

ಇವತ್ತು ಮೊರದಲ್ಲಿ ಜೋಳ ತಂದು ನನ್ನ ಮುಂದಿಟ್ಟಳು. "ಬೆರಳಾಡಸಂತ ಡಾಕ್ಟರ್ ಹೇಳ್ಯಾರಲ್ಲೋ. ಆ ಚೆಂಡ ಹಿಚಕಿದ್ರ ಏನ್ ಬಂತು? ಜ್ವಾಳ ಹಸನು ಮಾಡು. ನುಸಿ ಇದ್ರ ಸಾವಕಾಶ ತಗದು ಹೊರಗ ಬಿಡು. ಒತ್ತಬ್ಯಾಡ."

"ಗಂಡಸು ಕುಂತು ಜ್ವಾಳ ಆರಸ್ಲೇನವ್ವಾ?"

"ಯಾಕ, ಗಂಡಸ್ರು ರೊಟ್ಟಿ ತಿನ್ನೂದಿಲ್ಲೇನು?"

ಮೊರ ಸರಿಸಿ ಎದ್ದೆ. ಕಾಲು ತಾಗಿ ಜೋಳ ಚೆಲ್ಲಿತು. ಅವಳು ಕೂತು ಒಂದೊಂದೇ ಕಾಳು ತಡವಿ ಹೆಕ್ಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೧೧, ಭಾನುವಾರ

ಹಾಲಸಿದ್ದ ಬಂದಿದ್ದ. ನಾಲ್ಕನೇ ಇಯತ್ತೆಯಿಂದ ಗೆಳೆಯ. ಕುರಿಯ ಹಿಂಡು ಅಣ್ಣತಮ್ಮಂದಿರಿಗೆ ಬಿಟ್ಟು ಇವನು ಹೊಳೆಯ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂಡುವ ಆಸಾಮಿ. ಯಾವುದೋ ವಿಡಿಯೋ ನೋಡಿ ಹುಚ್ಚು ಹಿಡಿದಿದೆ. ಎರೆಹುಳ ಬೇಡವಂತೆ, ಹಿಟ್ಟು ಬೇಡವಂತೆ. ಸಣ್ಣ ಗಾಳದ ಮೇಲೆ ದಾರ, ತಂತಿ, ಗರಿ, ಉಣ್ಣೆ ಸುತ್ತಿ ಹುಳದ ಹಾಗೆ ಮಾಡುವುದು. ನೀರಿನ ತಳದಲ್ಲಿ ಕಲ್ಲಿಗೆ ಅಂಟಿಕೊಂಡು ಬೆಳೆಯುವ, ಇನ್ನೂ ರೆಕ್ಕೆ ಬಂದಿಲ್ಲದ ಮರಿಹುಳ ಇರುತ್ತದಲ್ಲ, ಅದರ ನಕಲು. ನಿಂಫ್ ಅನ್ನುತ್ತಾರಂತೆ. ಗಾಳ, ಅದನ್ನು ಕಚ್ಚಿ ಹಿಡಿಯುವ ಸಣ್ಣ ವೈಸ್ ಎಲ್ಲ ತರಿಸಿಕೊಂಡಿದ್ದಾನೆ. ಕುರಿ ಕಾಯ್ದ ಕೈ, ಕಟ್ಟಲು ಬಂದಿಲ್ಲ.

"ನಿನ್ನ ವೈಂಡಿಂಗ್ ಕೆಲಸಾನ ಇದು, ಬರೇ ಸಣ್ಣದು ಅಷ್ಟಽ" ಎಂದು ಡಬ್ಬಿ ನನ್ನ ಮುಂದೆ ಸುರಿದ. "ಹೊಳಿ ನೀರು ತಿಳಿ ಆಗೂದ್ರಾಗ ನಾಕ ಕಟ್ಟಿ ಕೊಡು. ಚಿಲಾಪಿ ಮೀನ ಹೆಂಗ ಓಡಿ ಬರ್ತಾವ ನೋಡೀಯಂತ."

"ಜೈನರ ಮನ್ಯಾಗ ಗಾಳ ತಂದಿ. ಅವ್ವ ನೋಡಿದ್ರ ನಿನ್ನ ಜೋಡಿ ನನ್ನೂ ಹೊರಗ ಹಾಕ್ತಾಳ."

"ಮೀನ ಹಿಡಿಯಾಂವ ನಾನು. ನೀ ಬರೇ ದಾರ ಸುತ್ತಾಂವ. ನಿನಗ್ಯಾಕ ಪಾಪ ಬರ್ತೈತಿ?"

ಹೋಗುವಾಗ ತನ್ನ ಹೆಬ್ಬೆರಳ ಮೇಲಿನ ಹಳೆಯ ಗಾಯ ತೋರಿಸಿದ. ಗಾಳ ಹೊಕ್ಕರೆ ಹಿಂದಕ್ಕೆ ಜಗ್ಗಬಾರದಂತೆ, ತುದಿಯ ಹಿಮ್ಮುಖ ಒಳಮುಳ್ಳು ಮಾಂಸ ಹರಿಯುತ್ತದೆ. ಬಾಗಿದ ಕಡೆಗೆ ದಾರದ ಕುಣಿಕೆ ಹಾಕಿ, ದಾರ ಪೋಣಿಸುವ ಗಾಳದ ಕಣ್ಣನ್ನು ಚರ್ಮಕ್ಕೆ ಒತ್ತಿ ಹಿಡಿದು, ನೆಟ್ಟಗೆ ಒಂದೇ ಏಟಿಗೆ ಎಳೆಯಬೇಕು. ಅನುಮಾನಿಸಿದರೆ ಕೆಟ್ಟಿತು ಅಂದ.

ಸುಮ್ಮನೆ ಹ್ಞೂಂಗುಟ್ಟಿದೆ. ಡಬ್ಬಿ ಮಂಚದ ಕೆಳಗೆ ಸೇರಿದೆ.

ಆಗಸ್ಟ್ ೧೩, ಮಂಗಳವಾರ

ಆಗುವುದಿಲ್ಲ. ದಾರ ಗಾಳದ ಮೇಲೆ ನಿಲ್ಲುವುದೇ ಇಲ್ಲ. ಹೆಬ್ಬೆರಳು ಒಂದು ಕಡೆ, ತೋರುಬೆರಳು ಒಂದು ಕಡೆ. ಜಾರಿ ಬಿದ್ದ ಗಾಳ ಹುಡುಕಲು ಅರ್ಧ ಮುಂಜಾನೆ ಹೋಯಿತು. ಹಾಲಸಿದ್ದನಿಗೆ ಬೈದೆ. ಅವನು ಎದುರಿಗಿರಲಿಲ್ಲ.

ಆಗಸ್ಟ್ ೧೬, ಶುಕ್ರವಾರ

ಇವತ್ತು ಒಂದು ಕಟ್ಟಿದೆ. ಹುಳದ ಹಾಗಿಲ್ಲ, ಗಾಯಕ್ಕೆ ಪಟ್ಟಿ ಸುತ್ತಿದ ಹಾಗಿದೆ. ಬಿಚ್ಚಿದೆ.

ಆಗಸ್ಟ್ ೨೨, ಗುರುವಾರ

ಕಂಡಿಲ್ಲದ ಹುಳವನ್ನು ಮಾಡು ಎಂದರೆ ಹೇಗೆ ಮಾಡಲಿ ಎಂದು ಹಾಲಸಿದ್ದನಿಗೆ ಫೋನಿನಲ್ಲಿ ರೇಗಿದ್ದೆ. ನಿನ್ನೆ ಕಾಲುವೆಯಿಂದ ಒಂದು ಜೀವಂತ ಹುಳವನ್ನೇ ಬಾಟಲಿಯಲ್ಲಿ ತುಂಬಿ ತಂದ. ಕಂದು ಬಣ್ಣ, ಮೈಮೇಲೆ ಉಂಗುರ ಉಂಗುರ ಗೆರೆ, ಎದೆಯ ಹತ್ತಿರ ಗುಬುಟು, ಹಿಂದೆ ಎರಡು ಎಳೆ ಬಾಲ. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಉಂಗುರಗಳಿಗೆ ಮಿಕ್ಸರ್ ಮೋಟರಿನ ಸಣ್ಣ ತಾಮ್ರದ ತಂತಿ, ಮೈಗೆ ಹೊಲದಲ್ಲಿ ಉದುರಿದ ನವಿಲುಗರಿಯ ಎಳೆ, ಎದೆಗೆ ಹಾಲಸಿದ್ದನ ಕರಿ ಕುರಿಯ ಉಣ್ಣೆ. ಎಲ್ಲ ತಲೆಯಲ್ಲೇ ಕಟ್ಟಿ ಮುಗಿಸಿದ್ದೆ.

ಇವತ್ತು ಮುಂಜಾನೆ ನೋಡಿದರೆ ಬಾಟಲಿ ತೊಳೆದು ಬೋರಲು ಹಾಕಿದೆ.

"ಅವ್ವಾ, ಇದರಾಗಿಂದು ಎಲ್ಲಿ ಹೋತು?"

"ಬಾಟ್ಲಿ ಕಣ್ಣಿಗೆ ಹತ್ರ ಹಿಡದು ನೋಡಿದ್ನಿ, ಪಾಪ, ಹೊರಳಾಡಾಕತ್ತಿತ್ತು. ತೃಪ್ತಿ ಕಡಿಂದ ಕಾಲುವಿಗೆ ಬಿಡಿಸಿದ್ನಿ. ನೀರಿನ ಜೀವ ನೀರಾಗ ಇರಬೇಕು."

"ನನಗ ಅದು ಬೇಕಾಗಿತ್ತು!"

"ಅದಕ್ಕ ನೀ ಬೇಕಾಗಿರಲಿಲ್ಲೋ."

ತೃಪ್ತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಈ ಮನೆಯಲ್ಲಿ ಇರುವೆಗಿರುವ ಮಾನ ನನಗಿಲ್ಲ. ಹುಳವಾಗಿ ಹುಟ್ಟಿದ್ದರೆ ನನ್ನನ್ನೂ ಅರಿವೆಯಲ್ಲಿ ಎತ್ತಿ ನೆರಳಿಗೆ ಇಡುತ್ತಿದ್ದಳೋ ಏನೋ.

ಸೆಪ್ಟೆಂಬರ್ ೮, ಭಾನುವಾರ

ದಶಲಕ್ಷಣ ಪರ್ವ ಶುರು. ಅವ್ವ ಏಕಾಸನ ಹಿಡಿದಿದ್ದಾಳೆ, ದಿನಕ್ಕೆ ಒಂದೇ ಊಟ. ಪರ್ವ ಮುಗಿಯುವ ತನಕ ಗಾಳ ಮುಟ್ಟಬಾರದು ಎಂದು ನಾನೇ ನಿಶ್ಚಯ ಮಾಡಿದೆ. ಅಷ್ಟಾದರೂ ನಾಚಿಕೆ ಇದೆ. ಮಧ್ಯಾಹ್ನದ ಹೊತ್ತಿಗೆ ಕೈ ತುರಿಸತೊಡಗಿತು. ಗಾಳ ತಾನೇ ಬೇಡ, ಹೊಲಿಗೆಯ ಸೂಜಿಯ ಮೇಲೆ ತಂತಿ ಸುತ್ತಿದೆ. ಉಂಗುರಗಳ ಅಂತರ ಒಂದೇ ಸಮ ಬರುತ್ತಿಲ್ಲ. ಬಿಚ್ಚಿದೆ, ಸುತ್ತಿದೆ. ದರಿದ್ರ ಕೆಲಸ.

ಸೆಪ್ಟೆಂಬರ್ ೨೧, ಶನಿವಾರ

ತಂತಿಯ ಹೊಳಪೇ ತಪ್ಪು ಎಂದು ಈಗ ಗೊತ್ತಾಯಿತು. ನಾಲ್ಕು ಹುಳ ಕಟ್ಟಿ ಹಾಲಸಿದ್ದನಿಗೆ ಕೊಟ್ಟಿದ್ದೆ. ಹೊಳೆಯ ಮಡುವಿನಲ್ಲಿ ಇಳಿಬಿಟ್ಟನಂತೆ. "ಚಿಲಾಪಿ ಬಂತು, ಮೂಸಿತು, ಹೋತು. ಹೆಣ್ಣು ನೋಡಾಕ ಬಂದವ್ರು ಅವಲಕ್ಕಿ ತಿಂದು ಹೋದಂಗ ಆತು" ಅಂದ.

ಮೂಸಿ ಹೋಯಿತೆಂದರೆ ಏನೋ ಕಮ್ಮಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಇವನು ನನ್ನ ಹುಳದ ಮೇಲೆ ತಪ್ಪು ಹಾಕುತ್ತಿದ್ದಾನೆ ಎಂದು ಮೊದಲು ಅನಿಸಿತು. ಆಮೇಲೆ ಕೂತು ವಿಚಾರ ಮಾಡಿದೆ. ಕಾಲುವೆಯ ಹುಳ ಹೊಳೆಯುತ್ತಿರಲಿಲ್ಲ. ಮೈ ಒದ್ದೆ ಬೆಲ್ಲದ ಬಣ್ಣ. ತಂತಿಗೆ ವಾರ್ನಿಷ್ ತೆಳ್ಳಗೆ ಹಚ್ಚಿ ಒಣಗಿಸಿ ಸುತ್ತಿದರೆ ಆ ಬಣ್ಣ ಬರುತ್ತದೆ. ಎದೆಯ ಉಣ್ಣೆಯನ್ನು ಸುತ್ತಿದ ಮೇಲೆ ಸೂಜಿಯಿಂದ ಸ್ವಲ್ಪ ಕೆದರಬೇಕು, ಆಗ ಕಾಲಿದ್ದ ಹಾಗೆ ಕಾಣುತ್ತದೆ. ಜಾಸ್ತಿ ಕೆದರಿದರೆ ಬೆಕ್ಕು ಕಾರಿದ ಹಾಗೆ ಕಾಣುತ್ತದೆ. ಬಾಲಕ್ಕೆ ಬಣ್ಣದ ಕುಂಚದ ಎರಡು ಕೂದಲು ಸಾಕು. ಕೊನೆಯ ಗಂಟು ಮಾತ್ರ ಪ್ರಾಣ ತಿನ್ನುತ್ತದೆ. ಗಾಳದ ಕಣ್ಣಿನ ಹಿಂದೆ ಇರುವ ಚೂರು ಜಾಗದಲ್ಲಿ ದಾರದ ಕೆಳಗೆ ದಾರ ತೂರಿಸಿ ಬಿಗಿಯಬೇಕು. ಇವತ್ತು ಮೂರು ಸಲ ದಾರ ಹರಿಯಿತು. ಜೋರಾಗಿ ಎಳೆದೆನೇನೋ. ಜೋರಾಗಿ ಎಳೆಯದೆ ಗಂಟು ಹೇಗೆ ಬೀಳುತ್ತದೆ?

ಈ ತಲೆನೋವಿನಲ್ಲೇ ಬಸದಿಗೆ ಹೊರಟರೆ ತೃಪ್ತಿ ಬಾಗಿಲಲ್ಲಿ ನಿಲ್ಲಿಸಿ ನಕ್ಕಳು. ನಾನೇ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದೆನಂತೆ. "ಎಲ್ಲಾ ಬಿಚ್ಚಿ ಮತ್ತ ಹಾಕೋರಿ, ಮಂದಿ ನಗ್ತಾರ" ಅಂದಳು. ಹಾಕಿಕೊಂಡೆ. ನಗುವುದಕ್ಕೆ ಇವಳಿಗೆ ದಿನಾ ಒಂದು ನೆಪ ಬೇಕು. ನಕ್ಕವಳು ಯಾಕೋ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹೆಂಗಸರ ರೀತಿ ದೇವರಿಗೇ ಪ್ರೀತಿ.

ಅಕ್ಟೋಬರ್ ೨, ಬುಧವಾರ

ಮಳೆ ಹಿಂದೆ ಸರಿದಿದೆ. ಇಂದು ಅಂಗಡಿಯ ಬೀಗ ತೆಗೆದೆ. ಯಾರಿಗೂ ಹೇಳಿರಲಿಲ್ಲ.

ಜೇಡರ ಬಲೆ. ಸರಪಳಿ ಅಲ್ಲೇ ತೂಗುತ್ತಿದೆ. ನನ್ನ ರಕ್ತದ ಕಲೆಯನ್ನು ಯಾರೋ ತೊಳೆದಿದ್ದಾರೆ, ಆದರೆ ಎಲ್ಲಿತ್ತು ಎಂದು ನನಗೆ ಗೊತ್ತಿದೆ. ಯಂತ್ರದ ಮುಂದೆ ಕೂತು ತಂತಿಯ ತುದಿ ಹಿಡಿದೆ. ಕೈ ನಡುಗಿದ ನಡುಕ ಭುಜದ ತನಕ ಬಂತು. ತಂತಿ ತುಂಡಾಯಿತು. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ತುಂಡಾಯಿತು. ಮೈ ಬೆವತು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಎದುರು ಹೋಟೆಲಿನವರು "ಆರಾಮ ರೀ ಸಮ್ಮೇದಣ್ಣ?" ಅಂದರು. ಆರಾಮ ಅಂದೆ.

ಮುಗಿಯಿತು. ಹುಚ್ಚು ಬಿಡದ ಹೊರತು ಮದುವೆಯಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಅನ್ನುವಂಥ ಪಾಡು ನನ್ನದು. ಧೂಳಪ್ಪನಿಗೆ ಫೋನ್ ಮಾಡಿ ಭಾನುವಾರ ಟೆಂಪೊ ತಂದು ಯಂತ್ರ ಒಯ್ಯಲು ಹೇಳಿದೆ. "ವಿಚಾರ ಮಾಡಿ ಹೇಳಾಕತ್ತೀರಿಲ್ರಿ?" ಅಂದ. ಫೋನ್ ಇಟ್ಟೆ. ಮನೆಯಲ್ಲಿ ಹೇಳಿದೆ. ಅವ್ವ ಜಪಮಣಿ ಹಿಡಿದವಳು ಹಿಡಿದ ಹಾಗೇ ಕೂತಳು.

ಇಡೀ ಸಂಜೆ ಹುಳ ಕಟ್ಟಿದೆ. ಬೇರೆ ಏನು ಮಾಡಲಿ?

ಅಕ್ಟೋಬರ್ ೪, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೃಪ್ತಿ ಮುಂಜಾನೆ ರಾಯಬಾಗಕ್ಕೆ ತವರಿಗೆ ಹೋಗಿದ್ದಳು. ನಾನು ಊಟ ಮಾಡಿ ಮಲಗಿದ್ದೆ. ಹೊಸದಾಗಿ ಕಟ್ಟಿದ ಒಂದು ಹುಳವನ್ನು ವಾರ್ನಿಷ್ ಒಣಗಲೆಂದು ಕಿಟಕಿಯ ಮೇಲೆ ಇಟ್ಟಿದ್ದೆ, ಗಾಳಿಗೆ ಕೆಳಗೆ ಬಿದ್ದಿರಬೇಕು. ಎದ್ದು ನೀರು ಕುಡಿಯಲು ಒಳಗೆ ಹೋದರೆ ಅವ್ವ ನೆಲದ ಮೇಲೆ ಕೂತಿದ್ದಾಳೆ. ಮುಂದೆ ಹಿತ್ತಾಳೆಯ ಪಾತೇಲಿ, ಅದರ ತುಂಬ ನೀರು. ನೀರಿನಲ್ಲಿ ಅವಳ ಕೈ. ಮುಖ ಬೆವತಿದೆ.

"ಏನಾತವ್ವಾ?"

"ಸಾವಕಾಶ ಮಾತಾಡು. ಆವತ್ತಿನ ನೀರಿನ ಹುಳ ಮತ್ತ ಮನಿಗೆ ಬಂದೈತಿ ನೋಡು. ಕಿಡಕಿ ಬುಡಕ ಒಣಾ ನೆಲದ ಮ್ಯಾಲ ಬಿದ್ದಿತ್ತು. ನೀರಿಲ್ಲದ ಸಾಯ್ತೈತಂತ ಗಡಬಡಿಸಿ ಎತ್ತಾಕ ಹೋದ್ನಿ. ಬೆರಳು ಕಚ್ಚಿ ಹಿಡದೈತಿ, ಬಿಡವಲ್ದು."

"ಜಗ್ಗಿ ತಗೀಬಾರದೇನು?"

"ಜಗ್ಗಿದ್ರ ಅದರ ಬಾಯಿ ಹರೀತೈತಲ್ಲೋ. ಅಂಜೇತಿ ಅದು. ಅಂಜಿಕಿ ಹೋದ್ರ ತಾನ ಬಿಡ್ತೈತಿ. ಅಲ್ಲೀತನಕ ನೀರಾಗರ ಇರಲಂತ ಕೈ ಇಟ್ಕೊಂಡು ಕುಂತೀನಿ."

"ಯಾವಾಗಿಂದ?"

"ನೀ ಮಲಕೊಂಡಾಗಿಂದ."

"ನನ್ನ ಎಬ್ಬಸಾಕ ಏನಾಗಿತ್ತು?"

"ಮೊನ್ನಿಂದ ನೀ ನಿದ್ದಿ ಮಾಡಿಲ್ಲ, ಮಗಾ. ಮಲಗ್ಲಿ ಅಂದ್ನಿ."

ನೀರಿನಿಂದ ಅವಳ ಕೈ ಎತ್ತಿದೆ. ತೋರುಬೆರಳ ತುದಿಯಲ್ಲಿ ಗಾಳ ಒಳಮುಳ್ಳಿನ ತನಕ ಹೊಕ್ಕಿತ್ತು. ಅದರ ಮೇಲೆ ನನ್ನ ತಾಮ್ರದ ಉಂಗುರ, ನನ್ನ ಉಣ್ಣೆ, ನನ್ನ ಎರಡು ಕೂದಲ ಬಾಲ. "ಆ ಕಡೆ ಮಾರಿ ಮಾಡು" ಅಂದೆ. ವೈಂಡಿಂಗ್ ಬಿಗಿಯುವ ದಾರ ತಂದು ಗಾಳ ಬಾಗಿದಲ್ಲಿ ಕುಣಿಕೆ ಹಾಕಿದೆ. ಜಾಗ ಅಕ್ಕಿಕಾಳಿನಷ್ಟು. ಎಡಗೈಯಲ್ಲಿ ಗಾಳದ ಕಣ್ಣು ಒತ್ತಿ ಹಿಡಿದೆ, ಬಲಗೈಗೆ ದಾರ ಸುತ್ತಿಕೊಂಡೆ, ಹಾಲಸಿದ್ದ ಹೇಳಿದಂತೆ ನೆಟ್ಟಗೆ ಒಂದೇ ಏಟಿಗೆ ಎಳೆದೆ. ಬಂತು. ಕೈ ನಡುಗಿತೋ ಇಲ್ಲವೋ ಗೊತ್ತಿಲ್ಲ, ಅದನ್ನು ನೋಡಲು ಪುರಸೊತ್ತಿರಲಿಲ್ಲ.

ರಕ್ತ ಒರೆಸಿ ಅರಿಸಿನ ಒತ್ತುವಾಗ ಅವಳು ಕೇಳಿದ್ದು ಒಂದೇ ಮಾತು. "ಹುಳ ಏನಾತು? ಜೀವ ಐತೇನು?"

"ಅವ್ವಾ, ಅದು ಹುಳ ಅಲ್ಲ. ತಾಮ್ರದ ತಂತಿ. ನಾ ಮಾಡಿದ್ದು."

"ಸುಳ್ಳ ಹೇಳಬ್ಯಾಡ. ಸತ್ತಿದ್ರ ಸತ್ತೈತಿ ಅಂತ ಹೇಳು."

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಮಂಚದ ಕೆಳಗಿನ ಡಬ್ಬಿ ತೆಗೆದು ಅವಳ ಮುಂದೆಯೇ ಕೂತು ಇನ್ನೊಂದು ಕಟ್ಟಿದೆ. ಬಾಲ, ಮೈ, ಉಂಗುರ, ಎದೆ, ಗಂಟು. ಅವಳು ಮುಖವನ್ನು ನನ್ನ ಬೆರಳಿಗೆ ಒತ್ತುವಷ್ಟು ಹತ್ತಿರ ತಂದು ನೋಡಿದಳು. ಉಸಿರು ಕೈಗೆ ತಾಗುತ್ತಿತ್ತು.

"ಯಾತಕ್ಕ ಮಾಡ್ತಿ ಇದನ್ನ?"

"ಹಾಲಸಿದ್ದಗ. ಮೀನ ಹಿಡ್ಯಾಕ."

ಈಗ ಬೀಳುತ್ತದೆ ಬೈಗುಳ ಎಂದು ತಲೆ ತಗ್ಗಿಸಿದೆ. ಅವಳು ಪಟ್ಟಿ ಕಟ್ಟಿದ ಬೆರಳನ್ನು ಎದೆಗೆ ಹಿಡಿದುಕೊಂಡಿದ್ದಳು.

"ನನ್ನ ಬೆರಳಿನ್ಯಾಗ ಇಷ್ಟ ಉರಿ ಎದ್ದೈತಿ. ಮೀನಿಗೆ ಅದು ಬಾಯಾಗ" ಅಂದಳು. ಅಷ್ಟೇ. ಬೈಗುಳದ ಒಂದು ಅಕ್ಷರವೂ ಇರಲಿಲ್ಲ. ನನಗೆ ಅಳು ಬಂತು. ಈ ವಯಸ್ಸಿನಲ್ಲಿ ಅವ್ವನ ಮುಂದೆ ಗೊಳೋ ಎಂದು ಅತ್ತೆ. ರೋಟರ್ ಬಿದ್ದ ದಿನವೂ ಅತ್ತಿರಲಿಲ್ಲ.

ಅವಳು ನನ್ನ ಬಲಗೈಯನ್ನು ಹಿಡಿದು, ಜೋಳದಲ್ಲಿ ಕಲ್ಲು ಹುಡುಕುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟ ಸಣ್ಣ ಗಂಟ ಹಾಕ್ತಿ. ಮತ್ತ ಯಂತ್ರ ಯಾಕ ಕೊಡ್ತಿ?"

"ಅದಽ ಬ್ಯಾರೆ, ಇದಽ ಬ್ಯಾರೆ, ಅವ್ವಾ. ನಿನಗ ತಿಳೂದಿಲ್ಲ."

"ಹೌದಪ್ಪ, ನನಗ ಏನೂ ತಿಳೂದಿಲ್ಲ. ಕಟರ್ ತಗೊಂಡ ಬಾ. ಅದರ ಮುಳ್ಳ ಕತ್ತರಿಸು."

ಇದ್ದ ಗಾಳಗಳ ಮೊನೆಯನ್ನೆಲ್ಲ ಒಳಮುಳ್ಳಿನ ಸಮೇತ ಕತ್ತರಿಸಿದೆ. ಅವಳು ತನ್ನನ್ನು ಚುಚ್ಚಿದ ಹುಳವನ್ನೇ ಆರಿಸಿ, ಕಿಟಕಿಯ ಮೇಲಿನ ಬಟ್ಟಲಿನಲ್ಲಿ ಹಾಕಿ, ಒಂದು ಚಮಚ ನೀರು ಬಿಟ್ಟಳು.

"ತಂತಿ ಅಂತ ಹೇಳಿದ್ನಲ್ಲವ್ವಾ."

"ಗೊತ್ತೈತಿ. ಇರ್ಲಿ."

ಅಕ್ಟೋಬರ್ ೬, ಭಾನುವಾರ

ಅವ್ವನ ಮೇಲೆ ತಡೆಯಲಾರದ ಸಿಟ್ಟು ಬಂದಿದೆ. ನಾಲ್ಕು ಮಂದಿಯ ಮುಂದೆ ಮಾನ ಕಳೆದಳು.

ಧೂಳಪ್ಪ ಟೆಂಪೊ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಯಂತ್ರದ ಬೋಲ್ಟ್ ಬಿಚ್ಚಲು ಕೂತಾಗ, ಎಂದೂ ಅಂಗಡಿಯ ಮೆಟ್ಟಿಲು ಹತ್ತದ ಅವ್ವ ತೃಪ್ತಿಯ ಹೆಗಲು ಹಿಡಿದು ಬಂದು ನಿಂತಳು. ಕಂಕುಳಲ್ಲಿ ಮೊರ, ಬೆರಳಿಗೆ ಪಟ್ಟಿ. ಟೆಂಪೊದಲ್ಲಿ ಕೈಯಾಡಿಸಿ ನೋಡಿ, "ಧೂಳಪ್ಪ, ಈ ಮೋಟರ್ ಯಾರದೋ?" ಅಂದಳು.

"ನಿಮ್ಮೂರವ್ರದಽ ಆಯಿ, ಭರಮು ಅವರದು. ನಿನ್ನಿ ಸುಟ್ಟೈತಿ. ಹೆಂಗೂ ಬಂದೀನಿ ಅಂತ ಹಾಕ್ಕೊಂಡೆ."

"ನಮ್ಮೂರ ಮೋಟರ್ ಮುಗಳಖೋಡಕ್ಕ ಯಾಕ ಹೊಂಟೈತಿ? ಇಳಸು ಅದನ್ನ. ಇವ ಮೊದಲ ಅದನ್ನ ಸುತ್ಲಿ. ಸುತ್ತಾಕ ಬರಲಿಲ್ಲಂದ್ರ ಯಂತ್ರಾನೂ ಒಯ್ಯಿ, ಮೋಟರೂ ಒಯ್ಯಿ, ನಾ ಏನೂ ಅನ್ನೂದಿಲ್ಲ."

ಧೂಳಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ನಗುತ್ತ ಮೋಟರ್ ಇಳಿಸಿದ. ಆಗಲಿ, ನನ್ನಿಂದ ಆಗುವುದಿಲ್ಲ ಎಂದು ಇವಳಿಗೆ ಕಣ್ಣಾರೆ ತೋರಿಸಿಬಿಡುತ್ತೇನೆ ಎಂದು ಹಟ ಹಿಡಿದೇ ಕೂತೆ. ಸರಪಳಿ ತಲೆಯ ಮೇಲಿತ್ತು. ಕೈ ನಡುಗತೊಡಗಿತು. ಅವ್ವ ನನ್ನ ಪಕ್ಕದಲ್ಲಿ, ಸರಪಳಿಯ ಕೆಳಗೇ, ನೆಲದ ಮೇಲೆ ಕೂತು ಮೊರ ಇಟ್ಟುಕೊಂಡಳು. "ಸುತ್ತು. ಅಲ್ಲೀಮಟಾ ನಾ ಜ್ವಾಳ ಹಸನು ಮಾಡ್ತೀನಿ" ಅಂದಳು.

"ಅಲ್ಲಿ ಕುಂದರಬ್ಯಾಡ, ಮ್ಯಾಲ ಸರಪಳಿ ಐತಿ!"

"ನೀ ಕುಂತಿಲ್ಲೇನು?"

ಸಿಟ್ಟಿನಲ್ಲಿ ತಂತಿ ಎಳೆದೆ. ಮೊದಲನೆಯ ಕಾಯಿಲ್ ಓರೆ. ಬಿಚ್ಚಿದೆ. ಎರಡನೆಯದೂ ಸಡಿಲ. ತಪ್ಪು ನನ್ನದಲ್ಲ, ತಂತಿಗೆ ಹಸಿ ಹಿಡಿದಿದೆ. ಆಮೇಲೆ ಒಂದು ಸರಿಯಾಗಿ ಬಂತು, ಅದರ ಬೆನ್ನಿಗೆ ಇನ್ನೊಂದು. ಕಾಯಿಲನ್ನು ಮೋಟರಿನ ಸ್ಲಾಟಿನಲ್ಲಿ ಕೂಡಿಸುವಾಗ ಅಡಿಗೆ ಇಡುವ ಕಾಗದ ಸಾಲದೆ ತಲೆ ಎತ್ತಿ ಧೂಳಪ್ಪನನ್ನು ಕೇಳೋಣವೆಂದರೆ ಅವನಿಲ್ಲ, ಟೆಂಪೊ ಇಲ್ಲ. ಯಾವಾಗಲೋ ಖಾಲಿ ಗಾಡಿ ಹೊಡೆದುಕೊಂಡು ಹೋಗಿದ್ದಾನೆ. ಒಂದು ಮಾತು ಹೇಳಿ ಹೋಗಬಾರದೆ? ಮಂದಿಗೆ ರೀತಿ ರಿವಾಜು ಉಳಿದಿಲ್ಲ.

ಮೊರದ ಜೋಳ ಹಸನಾಗಿತ್ತು. ಅವ್ವ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಲಿಲ್ಲ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಅಕ್ಟೋಬರ್ ೨೦, ಭಾನುವಾರ

ಹಾಲಸಿದ್ದ ಬಂದು ಹುಳಗಳನ್ನು ನೋಡಿ ಕುಣಿದಾಡಿದ. ಆಮೇಲೆ ಮುಳ್ಳು ಮುಟ್ಟಿ ನೋಡಿ ಬಾಯಿ ಬಿಟ್ಟ. "ಏನ್ಲೇ ಇದು? ಗಾಳದಾಗ ಮುಳ್ಳಽ ಇಲ್ಲ! ಇದನ್ನ ಒಯ್ದು ನಾ ಮೀನಿಗೆ ಆರತಿ ಮಾಡ್ಲೇನು?"

ನನಗೆ ಮಾತಾಡಲು ಪುರಸೊತ್ತಿಲ್ಲ. ಮೋಟರುಗಳು ಬಂದು ಕೂತಿವೆ. ಆದರೂ ಸಂಜೆ ಅವನೇ ಫೋನ್ ಮಾಡಿದ. ತಿಳಿನೀರಿನಲ್ಲಿ ಇಳಿಬಿಟ್ಟನಂತೆ. ಚಿಲಾಪಿ ಬಂತಂತೆ, ಈ ಸಲ ಮೂಸಲಿಲ್ಲವಂತೆ, ಗಪ್ಪೆಂದು ಬಾಯಿಗೆ ಹಾಕಿಕೊಂಡು, ತಂತಿಯೆಂದು ತಿಳಿದು ಉಗುಳಿ ಹೋಯಿತಂತೆ. "ಹಾಳಾಗಿ ಹೋಗು, ಮತ್ತ ಮತ್ತ ಬಂದು ಉಗುಳಿದ್ವಲೇ! ಹೊತ್ತು ಮುಳುಗೂತನಕ ನಕ್ಕೊಂತ ಕುಂತಿದ್ದೆ" ಅಂದ.

ನವೆಂಬರ್ ೨೬, ಮಂಗಳವಾರ

ದೀಪಾವಳಿಗೆ ಚಾತುರ್ಮಾಸ ಮುಗಿದ ಮೇಲೆ ಮಿರಜಿನಲ್ಲಿ ಅವ್ವನ ಮೋತಿಬಿಂದು ತೆಗೆಸಿದೆವು. ಇಂದು ಕರಿ ಕನ್ನಡಕ ತೆಗೆಯಲು ಅಪ್ಪಣೆ ಸಿಕ್ಕಿತು. ಮನೆಗೆ ಬಂದವಳು ಮೊದಲು ನನ್ನ ಮುಖ ನೋಡಿ, "ತಲಿ ಎಲ್ಲಾ ಬೆಳ್ಳಗಾಗೇತಲ್ಲೋ" ಎಂದು ಮರುಗಿದಳು. ಆಮೇಲೆ ಕಿಟಕಿಗೆ ಹೋಗಿ ಬಟ್ಟಲಿನ ಹುಳವನ್ನು ಅಂಗೈಯ ಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದಳು. ಇಷ್ಟು ದಿನ ಅದಕ್ಕೆ ನೀರು ಬದಲಿಸಿದವಳು, ಅದನ್ನು ಸರಿಯಾಗಿ ಕಂಡದ್ದು ಇಂದೇ. ಬಾಲ ನೋಡಿದಳು, ಉಂಗುರ ನೋಡಿದಳು. ಒಂದು ಒಳ್ಳೆಯ ಮಾತು ಬರಬಹುದೆಂದು ನಾನು ಬಾಗಿಲಲ್ಲೇ ನಿಂತಿದ್ದೆ.

"ಇಷ್ಟೆಲ್ಲಾ ಮಾಡಿ, ಪಾಪ, ಇದಕ್ಕ ಕಣ್ಣಽ ಇಟ್ಟಿಲ್ಲಲ್ಲೋ ನೀ" ಅಂದಳು.

ಮೀನು ಕೇಳಲಿಲ್ಲ, ಹಾಲಸಿದ್ದ ಕೇಳಲಿಲ್ಲ, ಇವಳಿಗೆ ಕಣ್ಣು ಬೇಕು. ಅಂಗಡಿಯಲ್ಲಿ ನಾಳೆ ಮುಂಜಾನೆಗೆ ಕೊಡುವ ಮೋಟರ್ ಬಿಚ್ಚಿಟ್ಟು ಬಂದಿದ್ದೇನೆ. ಅದನ್ನು ಬಿಟ್ಟು ಕೂತು, ಸೂಜಿಯ ತುದಿಯಲ್ಲಿ ಕರಿ ವಾರ್ನಿಷ್ ಎತ್ತಿ ಒಂದು ಕಣ್ಣು ಇಟ್ಟೆ, ಹೊರಳಿಸಿ ಇನ್ನೊಂದು ಇಟ್ಟೆ. ಎಡಗಣ್ಣು ಒಂದು ಎಳ್ಳಿನ ತುದಿಯಷ್ಟು ದೊಡ್ಡದಾಯಿತು. ಮೊದಲಾಗಿದ್ದರೆ ಅವಳಿಗೆ ಕಾಣುತ್ತಿರಲಿಲ್ಲ. ಈಗ ಬಿಡುವುದಿಲ್ಲ, ಒರೆಸಿ ಮತ್ತೆ ಇಡಬೇಕು.